ಹೊಲಿಗೆ ಯಂತ್ರಕ್ಕೆ ಕೀಲೆಣ್ಣೆ

“ಗುರುಗಳೇ, ಗಂಡನನ್ನು ಕಳೆದುಕೊಂಡ ತಂಗಿಯನ್ನು ಮನೆಗೆ ಕರೆತಂದು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದೇನೆ. ಒಂದು ಕಡ್ಡಿಯನ್ನೂ ಎತ್ತಿಡಲು ಬಿಡುವುದಿಲ್ಲ. ಆದರೂ ಅವಳು ದಿನದಿನಕ್ಕೆ ಮಂಕಾಗುತ್ತಿದ್ದಾಳೆ. ನನ್ನ ಪ್ರೀತಿ ಸಾಲದಾಯಿತೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಗಾಡಿಯವನಿದ್ದ. ಹುಲ್ಲು ಸುಟ್ಟ ಬೂದಿಯನ್ನು ಹರಳೆಣ್ಣೆಯಲ್ಲಿ ಅರೆದು ಅವನು ಮಾಡುವ ಕೀಲೆಣ್ಣೆಗೆ ಸುತ್ತಲ ಊರುಗಳಲ್ಲೆಲ್ಲ ಹೆಸರಿತ್ತು. ಎಂಥ ಭಾರ ಹೇರಿದರೂ ಅವನ ಗಾಡಿಯ ಚಕ್ರ ಕಿರುಗುಟ್ಟುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡು.

ಅವನ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಊರಿನ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಒಮ್ಮೆ ಯಂತ್ರ ಕಿರುಗುಟ್ಟಿತು. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಆ ದಿನ ಎತ್ತು ಕಟ್ಟುವಂತಿಲ್ಲ, ಗಾಡಿಗೆ ಕೀಲೆಣ್ಣೆ ಹಚ್ಚುವ ದಿನ. ಹೆಂಡತಿ ನೂಲು ತರಲು ಹೋದಾಗ ಅವನು ಯಂತ್ರದ ಸಂದುಸಂದಿಗೂ ಅದೇ ಕೀಲೆಣ್ಣೆಯನ್ನು ಧಾರಾಳವಾಗಿ ಮೆತ್ತಿದ.

ಅವಳು ಬಂದಾಗ ಹೇಳಿದ: “ಇನ್ಮೇಲೆ ನೋಡು, ಕಾಲು ತಾಗಿಸಿದ್ರೆ ಸಾಕು, ಓಡುತ್ತೆ.”

ಅವಳು ಯಂತ್ರವನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ನಕ್ಕು ಹೊಲಿಯಲು ಕೂತಳು.

ಗಾಡಿಯ ಅಚ್ಚಿಗೆ ದಪ್ಪ ಎಣ್ಣೆ ಬೇಕು. ಹೊಲಿಗೆ ಯಂತ್ರಕ್ಕೆ ಅದೇ ಎಣ್ಣೆ ಅಂಟು. ಬಟ್ಟೆಯ ಧೂಳು ಅದರಲ್ಲಿ ಕೂತು ಗಟ್ಟಿಯಾಯಿತು. ತುಳಿದು ತುಳಿದು ಅವಳ ಮಂಡಿ ಊದಿತು. ಪಾಪ, ಗಂಡ ಅದನ್ನು ಕಂಡು ಎಣ್ಣೆ ಸಾಲದೆಂದುಕೊಂಡ. ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ಮೆತ್ತಿದ. ಹೊಲಿದ ಬಟ್ಟೆಗಳ ಮೇಲೆ ಕಪ್ಪು ಕಲೆಗಳು ಬಿದ್ದವು. ಅವಳು ಸೀಗೆಕಾಯಿ ಹಚ್ಚಿ ಉಜ್ಜಿದಳು, ಹೋಗಲಿಲ್ಲ. ಹೆಂಗಸರು ಬೇರೆ ಊರಲ್ಲಿ ಬಟ್ಟೆ ಹೊಲಿಯಲು ಕೊಡತೊಡಗಿದರು. ಒಂದು ದಿನ ಅವಳು ಯಂತ್ರಕ್ಕೆ ಹಳೆಯ ಸೀರೆ ಹೊದಿಸಿ ಮೂಲೆಯಲ್ಲಿ ಕೂತುಬಿಟ್ಟಳು.

ಗಾಡಿಯವನಿಗೆ ಏನೂ ತೋಚಲಿಲ್ಲ. ಹರಿದ ಗೋಣಿಯೊಂದನ್ನು ತಾನೇ ಹೊಲಿದುಕೊಳ್ಳೋಣವೆಂದು ಸೀರೆ ಸರಿಸಿ ಯಂತ್ರದ ಮುಂದೆ ಕೂತ. ಪೆಡಲಿನ ಮೇಲೆ ಕಾಲಿಟ್ಟು ಒತ್ತಿದ. ಎತ್ತಿನ ಜೊತೆ ಬೆಟ್ಟ ಹತ್ತುವ ಕಾಲು ಅದು, ಆದರೂ ಪೆಡಲು ಅಲುಗಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಹೋಗಿ ಹೆಂಡತಿಯ ಊದಿದ ಮಂಡಿಯ ಮೇಲೆ ಕೈಯಿಟ್ಟ. “ಒಂದು ಮಾತು ಹೇಳಬಾರದಿತ್ತೇನೇ?”

“ಅಷ್ಟು ಅಕ್ಕರೆಯಿಂದ ಹಚ್ಚಿದ್ರಿ. ಬೇಡ ಅನ್ನೋಕೆ ಬಾಯಿ ಬರಲಿಲ್ಲ.”

ಅವನು ಇಡೀ ದಿನ ಕೂತು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಯಂತ್ರವನ್ನು ಒರೆಸಿದ. ಆಮೇಲೆ ಇದಕ್ಕೇನು ಬೇಕೆಂದು ಅವಳನ್ನೇ ಕೇಳಿದ. ತೆಳುವಾದ ಎಣ್ಣೆ, ಸಂದಿಗೊಂದು ಹನಿ ಸಾಕು ಎಂದಳು. ಹನಿ ಹಾಕಿದ್ದೂ ಅವಳೇ.

ಗುರುಗಳು ನಿಲ್ಲಿಸಿದರು. ಶಿಷ್ಯ ಕೈಮುಗಿದ. “ಹಾಗಾದರೆ ಗುರುಗಳೇ, ನನ್ನ ತಂಗಿಗೆ ಏನು ಬೇಕು? ತಾವೇ ಹೇಳಬೇಕು.”

“ಇಷ್ಟು ದೂರ ನಡೆದು ಬಂದು ನನ್ನನ್ನು ಕೇಳಿದೆಯಲ್ಲ ಮಗು, ಮನೆಯಲ್ಲಿ ಅವಳನ್ನು ಒಮ್ಮೆ ಕೇಳಿದೆಯಾ?”