ಪಟ್ಟಿ ಕಾಯುತ್ತಿದ್ದ ರೂಟರ್

ಜಲಜಾಕ್ಷಿಯವರ ಮನೆಯ ರೂಟರ್‌ಗೆ ತನ್ನ ಕಾವಲಿನ ಬಗ್ಗೆ ಬಲು ಜಂಬ. ಮನೆಯ ಒಂದೊಂದು ಯಂತ್ರದ ಹೆಸರನ್ನೂ ಆಕೆ ತಾವೇ ಕೂತು, ಇಂಟರ್‌ನೆಟ್ಟಿಗೆ ಒಳಬಿಡಬೇಕಾದವರ ಪಟ್ಟಿಗೆ ಸೇರಿಸಿದ್ದರು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆಯ ಮೊಬೈಲನ್ನೂ ದಾಕ್ಷಿಣ್ಯಕ್ಕೆ ಸೇರಿಸಿ, ಆಮೇಲೆ ಮರೆತಿದ್ದರು.

“ಹೆಸರಿಲ್ಲದ ನೊಣವೂ ನನ್ನೊಳಗೆ ಬರಲಾರದು. ನಿನ್ನ ಕೀಲಿಯೋ, ಕಾಲೊರಸಿನ ಕೆಳಗಿರುವುದು ಬೀದಿಗೆಲ್ಲ ಗೊತ್ತು,” ಎಂದು ರೂಟರ್ ಬಾಗಿಲ ಬೀಗವನ್ನು ಹಂಗಿಸಿತು.

“ಪಟ್ಟಿ ತಿದ್ದುವ ಪಾಸ್‌ವರ್ಡ್ ಯಾವುದಪ್ಪ?” ಎಂದಿತು ಬೀಗ.

“ಕಾರ್ಖಾನೆಯವರು ಕೊಟ್ಟದ್ದೇ. ನನ್ನ ಅಣ್ಣತಮ್ಮಂದಿರಿಗೆಲ್ಲ ಅದೇ. ಬದಲಾಯಿಸುವ ಕರ್ಮ ನನಗೇಕೆ?”

ಪಕ್ಕದ ಮನೆಯ ಮೊಬೈಲು ಆ ಪಾಸ್‌ವರ್ಡನ್ನು ಮೊದಲೇ ಬಲ್ಲದು. ತನ್ನ ಮನೆಯ ಧಾರಾವಾಹಿ ನಡುನಡುವೆ ನಿಂತುಹೋಗಬಾರದೆಂದು ಪಟ್ಟಿಯಲ್ಲಿದ್ದ ಉಳಿದ ಹೆಸರುಗಳನ್ನೆಲ್ಲ ಅಳಿಸಿ, ತನ್ನ ಟೀವಿಯ ಹೆಸರು ಬರೆಯಿತು.

ಮರುದಿನ ಬೆಳಿಗ್ಗೆ ಜಲಜಾಕ್ಷಿಯವರ ಮೊಬೈಲು ಓಡೋಡಿ ಬಂತು. “ಮಗುವಿನ ಆನ್‌ಲೈನ್ ಪರೀಕ್ಷೆ ಶುರುವಾಯಿತು, ಒಳಗೆ ಬಿಡಣ್ಣ!”

ರೂಟರ್ ಪಟ್ಟಿಯನ್ನು ಎರಡೆರಡು ಸಲ ನೋಡಿತು. “ತಮ್ಮ ಹೆಸರಿಲ್ಲ. ನಾನು ಗುರುತು ಪರಿಚಯ ನೋಡುವವನಲ್ಲ,” ಎಂದು ಗಂಭೀರವಾಗಿ ಹೇಳಿತು.

ಬಾಗಿಲ ಬೀಗ ತಡೆಯಲಾರದೆ ನಕ್ಕಿತು.

“ನನ್ನ ಕೀಲಿ ಬೇಕಾದರೆ ಕಳ್ಳ ಒಂದು ಸಲ ಬಗ್ಗಲಾದರೂ ಬೇಕು ಕಣಯ್ಯ!”