ಒಂದು ಸಲ ಕರೆದಿದ್ದರೆ

ಗಂಟಲು ಕಟ್ಟಿದರೆ ಜನ ಶುಂಠಿ ಕಷಾಯ ಕುಡಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಶಾಂಭವಿ ಎರಡನ್ನೂ ಮಾಡಿ ನೋಡಿ, ಕೊನೆಗೆ ಗಿಟಾರು ಬೆನ್ನಿಗೇರಿಸಿಕೊಂಡು ಗುರುವಿನ ಹತ್ತಿರ ಹೊರಟಳು.

ಗುರು ಅಂದರೆ ನಿಂಗಯ್ಯಜ್ಜ. ಮಲಪ್ರಭೆಯ ದಂಡೆಯ ಮೇಲೆ ಯಾರೋ ಶರಣರ ಗದ್ದುಗೆ, ಅದರ ಮಗ್ಗುಲಿಗೆ ತಗಡಿನ ಸೂರಿನ ಒಂದು ಕೋಣೆ. ಏಕತಾರಿ ಮೀಟಿ ತತ್ವಪದ ಹಾಡಿಕೊಂಡು ಅಜ್ಜ ಅಲ್ಲೇ ಇದ್ದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಶಾಂಭವಿ ಎರಡು ವರ್ಷ ಅವನ ಹತ್ತಿರ ಇದ್ದು ಹಾಡು ಕಲಿತಿದ್ದಳು.

ಆಮೇಲೆ ಗಿಟಾರು ಹಿಡಿದಳು. ತನ್ನ ಹಾಡು ತಾನೇ ಕಟ್ಟಿದಳು, ಹುಬ್ಬಳ್ಳಿಯ ಬಾಡಿಗೆ ಕೋಣೆಯಲ್ಲಿ ತಾನೇ ರೆಕಾರ್ಡ್ ಮಾಡಿದಳು, ತಾನೇ ಊರೂರಿಗೆ ಹೊತ್ತು ತಿರುಗಿದಳು. ಹಿಂದೆ ಕಂಪನಿಯಿಲ್ಲ, ಮುಂದೆ ದೊಡ್ಡ ವೇದಿಕೆಯಿಲ್ಲ. ಕಾಫಿ ಅಂಗಡಿ, ಪುಸ್ತಕದಂಗಡಿಯ ಅಟ್ಟ, ಯಾರದೋ ಮನೆಯ ಮಾಳಿಗೆ. ಮೂವತ್ತು ಜನ ಕೂತರೆ ಅದೇ ದೊಡ್ಡ ಸಭೆ.

ಅವಳು ಬಂದಾಗ ಅಜ್ಜ ಹೊಳೆಯ ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದ. ತಿರುಗಿ ನೋಡಿದ, ಗುರುತು ಹಿಡಿದ, ಮತ್ತೆ ಧೋತರ ಎತ್ತಿ ಕಲ್ಲಿಗೆ ಬಡಿದ.

"ಒಂಬತ್ತು ವರ್ಷ ಆತು," ಅಂದ. "ಏನ ಕಳಕೊಂಡ ಬಂದಿ?"

"ಗಂಟಲು ಹೋಗೇತ್ರಿ, ಅಜ್ಜಾರ."

"ಗಂಟಿ ಬಡದಂಗ ಮಾತಾಡಾಕತ್ತೀ ಅಲ್ಲ!"

"ಮಾತಿಗೆ ಏನೂ ಆಗಿಲ್ರಿ. ಬ್ಯಾರೆ ಹಾಡಿಗೂ ಆಗಿಲ್ಲ. ಒಂದ ಹಾಡು, ಅದರಾಗ ಒಂದ ಸಾಲು. ಇತ್ತಿತ್ತಲಾಗ ಅಲ್ಲಿಗೆ ಬಂದ್ರ ಯಾರೋ ಕುತ್ತಿಗಿ ಹಿಡದಂಗ ಆಗತೈತಿ. ಬೆಳಗಾವ್ಯಾಗ ಆತು, ಪುಣೇದಾಗ ಆತು. ಮೊನ್ನೆ ಧಾರವಾಡದಾಗ ಅರ್ಧಕ್ಕ ಎದ್ದು ಬಂದೆ. ಮಂದಿ ಸುಮ್ನ ಕುಂತಿದ್ರು, ಒಬ್ರೂ ಕೆಮ್ಮಲಿಲ್ಲ."

"ಡಾಕ್ಟರು?"

"ಒಳಗ ಬ್ಯಾಟರಿ ಬಿಟ್ಟು ನೋಡಿದ್ರು. ಎಲ್ಲಾ ಛಲೋ ಐತಿ ಅಂದ್ರು."

"ಹಂಗಾರ ಆ ಹಾಡು ಬಿಡು. ಹಾಡಿಗೇನು ಬರಗಾಲ ಐತೇನ?"

"ಅದನ್ನ ಬಿಟ್ರ ನನ್ನ ಯಾರೂ ಕರಿಯೂದಿಲ್ರಿ."

ಇದು ಉತ್ಪ್ರೇಕ್ಷೆಯಲ್ಲ. ಆರು ವರ್ಷ ಶಾಂಭವಿ ಹಾಡಿದಳು, ಜನ ಕಾಫಿ ಕುಡಿದರು, ಲೋಟ ಸದ್ದು ಮಾಡಿದರು, ಎದ್ದು ಹೋದರು. ಎರಡು ವರ್ಷದ ಹಿಂದೆ ಅವಳ ತಮ್ಮ ಓಂಕಾರ ಬೈಕಿನಿಂದ ಬಿದ್ದು ತೀರಿಕೊಂಡ. ಅವನಿಗೆ ಇನ್ನೂ ಇಪ್ಪತ್ತನಾಲ್ಕು. ಅವನ ಮೇಲೆ ಅವಳೊಂದು ಹಾಡು ಕಟ್ಟಿದಳು. ಆ ಹಾಡಿಗೆ ಮಾತ್ರ ಲೋಟಗಳು ಸುಮ್ಮನಾದವು. ಜನ ಅತ್ತರು, ಫೋನಿನಲ್ಲಿ ತುಂಬಿಕೊಂಡು ಒಬ್ಬರಿಗೊಬ್ಬರು ಕಳಿಸಿದರು. ಈಗ ಅವಳು ಎಲ್ಲಿ ಕೂತರೂ ಶುರುವಿನಲ್ಲೇ ಅದನ್ನು ಕೇಳುತ್ತಾರೆ. ಬರುವ ರವಿವಾರ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಸ್ಟುಡಿಯೋ, ನಾಲ್ಕು ಜನ ವಾದ್ಯದವರು, ಇಡೀ ಒಂದು ದಿನ, ಎಲ್ಲ ಆ ಹಾಡಿಗಾಗಿಯೇ ನಿಗದಿಯಾಗಿತ್ತು. ಅಂಥಾ ದಿನ ಅವಳ ಜೀವನದಲ್ಲಿ ಬಂದಿರಲಿಲ್ಲ.

"ಹಾಡು, ನೋಡೋಣು," ಅಂದ ಅಜ್ಜ.

ಶಾಂಭವಿ ಹೊಳೆಯ ಮೆಟ್ಟಿಲ ಮೇಲೆ ಕೂತು ಶ್ರುತಿ ಮಾಡಿಕೊಂಡಳು. ಹಾಡಿದಳು. ಗೂಟದಲ್ಲಿ ನೇತಾಡುವ ತಮ್ಮನ ಅಂಗಿ, ಅವನು ಅರ್ಧಕ್ಕೆ ಬಿಟ್ಟ ಚಹಾ, ಬಾಗಿಲ ಹತ್ತಿರದ ಚಪ್ಪಲಿ. ಹೊಳೆಯ ಮೇಲೆ ಅವಳ ದನಿ ಚೆನ್ನಾಗಿಯೇ ಹೋಯಿತು. ಆಮೇಲೆ ಆ ಸಾಲು ಬಂತು.

"ಒಂದು ಸಲ ಕರೆದಿದ್ದರೆ ಸಾಕಿತ್ತೋ ತಮ್ಮಾ, ಓಡೋಡಿ ಬರುತಿದ್ದೆನೋ..."

"ಕರೆದಿದ್ದರೆ" ಅನ್ನುವಷ್ಟರಲ್ಲಿ ದನಿ ಸಿಕ್ಕಿಹಾಕಿಕೊಂಡಿತು. ಬರೀ ಗಾಳಿ ಬಂತು.

"ಶ್ರುತಿ ಇಳಸು."

ಇಳಿಸಿದಳು. ಅಲ್ಲೇ ನಿಂತಿತು.

"ಇನ್ನೂ ಇಳಸು."

ಇನ್ನೂ ಇಳಿಸಿದಳು. ಗಂಡಸರ ದನಿಯಷ್ಟು ಕೆಳಗೆ ಹೋದರೂ ಗಂಟಲು ಅಲ್ಲೇ ಮುಚ್ಚಿತು.

ಅಜ್ಜ ಧೋತರ ಹಿಂಡಿ ಬಂಡೆಯ ಮೇಲೆ ಹಾಸಿದ. "ನಡಿ, ಉಣ್ಣೋಣು," ಅಂದ. ಶಾಂಭವಿಗೆ ಸಿಟ್ಟು ಬಂತು. ಇಷ್ಟು ದೂರ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದದ್ದು ರೊಟ್ಟಿ ತಿನ್ನುವುದಕ್ಕೇ? ಆದರೆ ಈ ಅಜ್ಜನ ಮುಂದೆ ಸಿಟ್ಟು ಮಾಡಿ ಯಾವತ್ತೂ ಏನೂ ಗಿಟ್ಟಿಲ್ಲ, ಅದೂ ಅವಳಿಗೆ ಗೊತ್ತಿತ್ತು.

ಅಜ್ಜ ಅಲ್ಲೇ ದಂಡೆಯ ಮೇಲೆ ಮೂರು ತಾಟು ಇಟ್ಟ. ಮೂರಕ್ಕೂ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ.

"ಇನ್ಯಾರು ಬರೋರದಾರ್ರಿ?"

ಅಜ್ಜ ಬೇರೆಯೇ ಕೇಳಿದ. "ಇಲ್ಲಿದ್ದಾಗ ನೀ ಹೊಸಾ ಪದ ಕಟ್ಟಿದ್ರ ಮೊದಲ ಏನ ಮಾಡಸ್ತಿದ್ದೆ ನಿನ್ನ ಕಡಿಂದ?"

ನೆನಪಿತ್ತು. ಈ ಗದ್ದುಗೆಯ ಪದ್ಧತಿ ಅದು. ಪದ ಕಟ್ಟಿದವರು ಮೊದಲು ಅದನ್ನು ರಾಗವಿಲ್ಲದೆ ಬರೀ ಮಾತಿನಲ್ಲಿ ಹೇಳಬೇಕು. ಯಾರಿಗೆ ಕಟ್ಟಿದ್ದೋ ಅವರ ಎದುರಿಗೇ ಹೇಳಬೇಕು. ದೇವರಿಗಾದರೆ ಗದ್ದುಗೆಯ ಮುಂದೆ, ಹೆಂಡತಿಗಾದರೆ ಹೆಂಡತಿಯ ಮುಂದೆ. ಹೇಳಿ ಮುಗಿಸಿದ ಮೇಲೆಯೇ ಏಕತಾರಿ ಮುಟ್ಟಬೇಕು. ಒಬ್ಬ ಶಿಷ್ಯ ತನ್ನ ಸಾಹುಕಾರನ ಮೇಲೆ ಪದ ಕಟ್ಟಿ, ಎದುರಿಗೆ ಹೋಗಿ ಹೇಳಲಾರದೆ ಅಲ್ಲೇ ಬಿಟ್ಟದ್ದೂ ಉಂಟು.

"ಈ ಹಾಡನ್ನ ಹಂಗ ಹೇಳೀಯೇನ?"

"ಇಲ್ರಿ. ಗಿಟಾರು ಹಿಡದ್ರ ಮಾತೂ ರಾಗಾನೂ ಕೂಡೇ ಬರ್ತಾವು. ಮತ್ತ... ಯಾರ ಮುಂದ ಹೇಳ್ಲಿ? ಅವ ಎಲ್ಲಿದಾನ?"

ಅಜ್ಜ ಮೂರನೆಯ ತಾಟನ್ನು ಅವಳ ಎದುರಿಗೆ ಸರಿಸಿದ.

"ಉಣ್ಣಾಕ ಕುಂತಾನ. ಹೇಳು."

ಶಾಂಭವಿಗೆ ಮೊದಲು ನಗು ಬಂತು. ಆಮೇಲೆ ತಾಟಿನಲ್ಲಿದ್ದ ರೊಟ್ಟಿ ನೋಡಿದಳು. ಓಂಕಾರ ರೊಟ್ಟಿಯ ಅಂಚು ಮುರಿದು ಬದಿಗಿಟ್ಟು ನಡುವಿನದ್ದನ್ನು ಮೊದಲು ತಿನ್ನುತ್ತಿದ್ದ. ಅವ್ವನ ಕೈಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದ.

"ಓಂಕ್ಯಾ," ಅಂದಳು. "ನಿನ್ನ ಅಂಗಿ ಇನ್ನೂ ಗೂಟಕ್ಕೈತಿ."

ಅಜ್ಜ ತನ್ನ ಪಾಡಿಗೆ ಉಣ್ಣುತ್ತಿದ್ದ.

"ಚಹಾ ಅರ್ಧಾ ಬಿಟ್ಟು ಹೋಗಿದ್ದಿ. ಕಪ್ಪು ಎರಡು ದಿನ ತೊಳೀಲಿಲ್ಲ. ಚಪ್ಪಲಿ ಬಾಗಲ ಹಂತ್ಯಾಕ ಅದಾವು, ಅವ್ವ ಯಾರಿಗೂ ತಗೀಗೊಡೂದಿಲ್ಲ." ದನಿ ನೆಟ್ಟಗೇ ಇತ್ತು. ಅಲ್ಲಿಯತನಕ ಎಲ್ಲಾ ಖರೆಯೇ ಇತ್ತು. "ನೀ ಒಂದು ಸಲ..."

ಮತ್ತೆ ಶುರು ಮಾಡಿದಳು.

"ಒಂದು ಸಲ ನೀ..."

ಬರಲಿಲ್ಲ. ಗಂಟಲು ಚೆನ್ನಾಗಿಯೇ ಇತ್ತು, ಮಾತೇ ಬರಲಿಲ್ಲ. ಯಾವುದೋ ಕಾಫಿ ಅಂಗಡಿಯಲ್ಲಿ ಗುರುತಿಲ್ಲದ ನಲವತ್ತು ಜನರ ಮುಂದೆ ಏನು ಬೇಕಾದರೂ ಹಾಡಬಹುದು. ಉಣ್ಣಲು ಕೂತ ತಮ್ಮನ ಮುಖ ನೋಡಿಕೊಂಡು ಇದನ್ನು ಹೇಳುವುದು ಹೇಗೆ, ಶಿವನೇ!

"ಮುಂದ?" ಅಂದ ಅಜ್ಜ.

"ಕರದಿದ್ದ, ಅಜ್ಜಾರ."

"ಯಾರು?"

"ಇವ. ಮೂರು ಸಲ ಫೋನ್ ಮಾಡಿದ್ದ ನನಗ."

ಅಜ್ಜ ತುತ್ತು ಕೆಳಗಿಟ್ಟ.

"ಅವತ್ತ ನಾ ಕೋಣ್ಯಾಗ ರೆಕಾರ್ಡಿಂಗ್ ಮಾಡಾಕತ್ತಿದ್ದೆ. ಹೊರಗಿನ ಗದ್ದಲ ಬರಬಾರ್ದಂತ ಕಿಟಕಿಗೆ ಕೌದಿ, ಬಾಗಲಿಗೆ ಕೌದಿ. ಫೋನ್ ಗುರ್ ಅಂದ್ರೂ ಮೈಕಿಗೆ ಬರತೈತಿ. ಅದಕ್ಕ ಅದನ್ನ ಟವೆಲಿನಾಗ ಸುತ್ತಿ ಬಚ್ಚಲದಾಗ ಇಟ್ಟಿದ್ದೆ. ಇವ ಕಾಲುವಿ ದಾರ್ಯಾಗ ಗಾಡಿ ಮ್ಯಾಲಿಂದ ಬಿದ್ದು ತಗ್ಗಿನ್ಯಾಗ ಇದ್ದ. ಅವ್ವಗ ಮಾಡಿದ್ರ ಎದಿ ಒಡಕೋತಾಳಂತ ನನಗ ಮಾಡ್ಯಾನ. ಹನ್ನೆರಡು ನಿಮಿಷದಾಗ ಮೂರು ಸಲ. ನಾ ಹೊರಗ ಬಂದು ನೋಡೂದ್ರಾಗ ಲಾರಿಯವ್ರು ಎತ್ತಿ ದವಾಖಾನಿಗೆ ಒಯ್ದಿದ್ರು. ಅಷ್ಟ್ರಾಗ ಮುಗದಿತ್ತು."

"ನಿನಗ ಕೇಳಿಸ್ಲಿಲ್ಲ."

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಎರಡು ವರ್ಷ ಅವಳು ತನಗೆ ತಾನೇ ಹಾಗೇ ಹೇಳಿಕೊಂಡು ಬಂದಿದ್ದಳು. ಎದುರಿಗೆ ಆ ತಾಟು ಇತ್ತು.

"ಕೊನೇದ್ದು ಕೇಳಿಸಿತ್ರಿ."

"ಮತ್ತ?"

"ಅವತ್ತ ದನಿ ಭಾಳ ಛಲೋ ಬಂದಿತ್ತು, ಅಜ್ಜಾರ! ಅಂಥಾ ದನಿ ವರ್ಷಕ್ಕ ಒಂದ ಸಲ ಬರತೈತಿ. ಎದ್ರ ಹೋಗಿಬಿಡ್ತೈತಿ ಅನಿಸ್ತು. ಯಾರೋ ಏನೋ, ಆಮ್ಯಾಲ ಮಾಡಿದ್ರಾತು ಅಂತ ಹಾಡು ಮುಗಿಸಿದೆ." ಅವಳು ಕೈ ನೋಡಿಕೊಂಡಳು. "ಆ ಗುರ್ ಅನ್ನೂದು ರೆಕಾರ್ಡಿಂಗಿನಾಗ ಬಂದಿತ್ತು. ಸಣ್ಣಗ, ಎರಡನೇ ಚರಣದ ಹಿಂದ. ಇವನ ಮಣ್ಣು ಮುಗಿಸಿ ಬಂದ ಹನ್ನೊಂದನೇ ದಿನ ನಾನ ಕುಂತು ಅದನ್ನ ಅಳಿಸಿದೆ. ಅವತ್ತಿನ ಆ ಹಾಡನ್ನ ಹೊರಗೂ ಬಿಟ್ಟೆ. ಭಾಳ ಸ್ವಚ್ಛ ಐತಿ ಅಂದ್ರು ಎಲ್ಲಾರೂ."

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆ ಬಂತು.

"ಯಾರಿಗೆ ಗೊತ್ತೈತಿ ಇದು?"

"ಯಾರಿಗೂ ಇಲ್ಲ."

"ನಿಮ್ಮವ್ವಗ?"

"ಮಣ್ಣಾದ ಮೂರನೇ ದಿನಕ್ಕ ಕೇಳಿದ್ಲು, ನಿನಗೇನರ ಫೋನ್ ಮಾಡಿದ್ನೇನ ಅಂತ. ಇಲ್ಲ ಅಂದೆ."

"ಹಾಡು ಕೇಳ್ಯಾಳೇನ ಆಕಿ?"

"ಒಂದ ಸಲ. ಸವದತ್ತಿಯಿಂದ ಬಸ್ ಹತ್ತಿ ಬಂದು ಮುಂದಿನ ಕುರ್ಚ್ಯಾಗ ಕುಂತಿದ್ಲು. ಈ ಸಾಲು ಬಂದ ಕೂಡ್ಲೇ ಎದ್ದು ಹೊರಗ ಹೋದ್ಲು. ದುಃಖ ತಡೀಲಿಲ್ಲ ಅಂದ್ಕೊಂಡೆ. ಆಮ್ಯಾಲ ಯಾವಾಗ ಕರದ್ರೂ ಮೊಣಕಾಲು ನೋವು ಅಂತಾಳ."

ಅಜ್ಜ ತನ್ನ ತಾಟು ಬದಿಗೆ ಸರಿಸಿದ.

"ಅವನ ಫೋನು ಎಲ್ಲೈತಿ?"

"ಅವ್ವನ ಕಡೆ. ಪೊಲೀಸರು ಆಕಿ ಕೈಯಾಗ ಕೊಟ್ರು, ಅವತ್ತ ಸಂಜಿಕ."

"ಫೋನ್ ನೋಡಾಕ ಬರತೈತೇನ ಆಕಿಗೆ?"

"ಬರತೈತ್ರಿ. ಇವನ ಕಲಿಸಿದ್ದ. ಈಗೂ ದಿನಾ ಚಾರ್ಜಿಗೆ ಹಾಕ್ತಾಳ, ಅವನ ಫೋಟೋ ನೋಡ್ತಾಳ, ಯಾರ್ಯಾರು ಯಾವಾಗ ಮಾತಾಡ್ಯಾರ ಅಂತ..."

ಆಗ ಅವಳಿಗೆ ಹೊಳೆಯಿತು.

ಆ ಫೋನಿನಲ್ಲಿ "ಅಕ್ಕ" ಅನ್ನುವ ಹೆಸರಿನ ಮುಂದೆ ಮೂರು ಕರೆಗಳಿದ್ದವು. ಮೊದಲ ದಿನದಿಂದ ಇದ್ದವು. ಅವ್ವ ಅವನ್ನು ನೋಡಿಯೇ, ನೋಡಿದ ಮೇಲೆಯೇ, ನಿನಗೇನಾದರೂ ಫೋನ್ ಮಾಡಿದ್ನಾ ಅಂತ ಕೇಳಿದ್ದಳು. ಮಗಳು ಇಲ್ಲ ಅಂದಳು. ಅದೇ ಮಗಳು ಆಮೇಲೆ ಊರೂರಿಗೆ ಹೋಗಿ, ತಮ್ಮ ಕರೆಯಲೇ ಇಲ್ಲ ಅಂತ ಹಾಡಿದಳು, ಜನರನ್ನು ಅಳಿಸಿದಳು. ಮುಂದಿನ ಕುರ್ಚಿಯಲ್ಲಿ ಕೂತು ಅವ್ವ ಅದನ್ನೂ ಕೇಳಿದಳು. ಎರಡು ವರ್ಷ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಹಬ್ಬಕ್ಕೆ ಹೋದರೆ ಹೋಳಿಗೆ ಬಡಿಸಿದ್ದಾಳೆ, ತಲೆಗೆ ಎಣ್ಣೆ ಹಚ್ಚಿದ್ದಾಳೆ.

ಶಾಂಭವಿ ಅತ್ತಳು. ಕಾಫಿ ಅಂಗಡಿಯಲ್ಲಿ ಬರುವ ಅಳು ಇದಲ್ಲ. ಮೂಗು ಬಾಯಿ ಒಂದಾಗಿ, ನೋಡಲಾರದಂತೆ ಅತ್ತಳು. ಅಜ್ಜ ಸಮಾಧಾನ ಹೇಳಲಿಲ್ಲ, ತಲೆ ಸವರಲಿಲ್ಲ. ಮೂರನೆಯ ತಾಟಿನ ರೊಟ್ಟಿ ಮುರಿದು ಮೀನಿಗೆ ಹಾಕಿದ, ತಾಟು ತೊಳೆದ.

ಬಹಳ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡಳು.

"ಸಾಲು ಬದಲಸ್ತೀನ್ರಿ," ಅಂದಳು. "ಖರೇ ಸಾಲು ಹಾಕ್ತೀನಿ. ಸ್ಟುಡಿಯೋಕ್ಕ ಹೋಗೂಕಿಂತ ಮೊದಲ ಅವ್ವನ ಮುಂದ ಕುಂತು ಹಾಡ್ತೀನಿ."

ಹೇಳುತ್ತ ಹೇಳುತ್ತ ಕೈ ಆಗಲೇ ಗಿಟಾರಿಗೆ ಹೋಗಿತ್ತು. ಬೆರಳು ತಂತಿ ಹುಡುಕುತ್ತಿದ್ದವು. ಸಣ್ಣ ದನಿಯಲ್ಲಿ ಬಾಯಿ ಗುನುಗುತ್ತಿತ್ತು: "ಮೂರು ಸಲ ಕರೆದೆಯಲ್ಲೋ ತಮ್ಮಾ, ಹಾಡು ಬಿಡದಾದೆನೋ..."

ಗಂಟಲು ಎಲ್ಲಿಯೂ ಹಿಡಿಯಲಿಲ್ಲ. ದನಿ ಸರಾಗವಾಗಿ ಬಂತು. ಅಯ್ಯೋ, ಮೊದಲಿನ ಸಾಲಿಗಿಂತ ಇದೇ ಚೆನ್ನಾಗಿ ಕೂತಿತು. ಇದಕ್ಕೆ ಜನ ಇನ್ನೂ ಹೆಚ್ಚು ಅಳುತ್ತಾರೆ ಅನ್ನುವ ಯೋಚನೆಯೂ ಅವಳಿಗೆ ಬಂತು, ಬಂದದ್ದು ಅವಳಿಗೇ ಗೊತ್ತಾಯಿತು. ಆದರೂ ಬೆರಳು ನಿಲ್ಲಲಿಲ್ಲ.

ಅಜ್ಜ ಬಗ್ಗಿ ಗಿಟಾರಿನ ಕುತ್ತಿಗೆ ಹಿಡಿದ. ತಂತಿಗಳು ಸುಮ್ಮನಾದವು. ಮೆಲ್ಲಗೆ ಅವಳ ಮಡಿಲಿನಿಂದ ಎತ್ತಿ ತನ್ನ ಮಗ್ಗುಲಿಗೆ ಇಟ್ಟುಕೊಂಡ.

"ಯಾಕ್ರೀ, ಅಜ್ಜಾರ?"

"ಇದು ಇಲ್ಲೇ ಇರ್ಲಿ," ಅಂದ ಅಜ್ಜ. "ನಿಮ್ಮವ್ವ ಆ ಮೂರನೇ ದಿನ ನಿನ್ನ ಒಂದು ಮಾತು ಕೇಳಿದ್ಲು. ಹೋಗಿ ಹೌದು ಅಂತ ಹೇಳು."