ಚೆನ್ನಾಜಮ್ಮ ನೋಡಹೊರಟ ಸರೋವರ

ಹಿಮಾಲಯದ ಒಂದು ಕಣಿವೆ. ಬಸ್ಸು ಬಂದು ನಿಂತು, ಮುಂದೆ ದಾರಿಯಿಲ್ಲವೆಂದು ವಾಪಸ್ ತಿರುಗುವ ಜಾಗ. ಅಲ್ಲೇ ಹೊಳೆ ದಂಡೆಯಲ್ಲಿ ಒಂದು ಆಶ್ರಮ.

ಗುರುಗಳು ನಮ್ಮ ಕಡೆಯವರೇ. ಅದಕ್ಕೇ ಬೇಸಿಗೆ ಬಂತೆಂದರೆ ನಮ್ಮ ಜನ ಸ್ವೆಟರು, ಮಂಕಿಕ್ಯಾಪು, ಚಕ್ಕುಲಿ ಡಬ್ಬಿ ಸಮೇತ ಅಲ್ಲಿ ಹೋಗಿ ಇಳಿಯುತ್ತಾರೆ. ದಸರಾ ಹೊತ್ತಿಗೆ ಹಿಮ ಬೀಳುವವರೆಗೂ ಬರುತ್ತಲೇ ಇರುತ್ತಾರೆ. ಬರುವುದು ಬೆಟ್ಟ ನಡೆಯಲಿಕ್ಕೆ. ಹದಿನೆಂಟರವರೂ ಬರುತ್ತಾರೆ, ಎಂಬತ್ತರವರೂ ಬರುತ್ತಾರೆ.

ಮೊದಲ ದಿನ ಗುರುಗಳು ಎಲ್ಲರನ್ನೂ ಅಂಗಳದಲ್ಲಿ ಎರಡು ಸುತ್ತು ನಡೆಸಿ ನೋಡುತ್ತಾರೆ. ಆಮೇಲೆ ಮೂರು ತಂಡ. ಕಾಲು ಸೋತವರು ಮರದ ಸೇತುವೆಯವರೆಗೆ. ಸುಮಾರಾಗಿ ನಡೆಯುವವರು ಹುಲ್ಲುಗಾವಲಿನವರೆಗೆ. ಗಟ್ಟಿಗರು ಎರಡು ಶಿಖರಗಳ ನಡುವಿನ ಕಂಡಿ ದಾಟಿ, ಆಚೆಯ ಸರೋವರದವರೆಗೆ. ಅದಕ್ಕೆ ಹೋಗಲು ಎರಡು ದಿನ, ಬರಲು ಎರಡು ದಿನ.

ಮೂರು ತಂಡಕ್ಕೂ ನಿಯಮ ಒಂದೇ. ಯಾರು ಎಲ್ಲರಿಗಿಂತ ನಿಧಾನವೋ ಅವರೇ ಮುಂದೆ ನಡೆಯಬೇಕು. ಅವರನ್ನು ಯಾರೂ ದಾಟುವಂತಿಲ್ಲ.

ಈ ನಿಯಮ ಕಂಡರೆ ಶಂಭುಲಿಂಗನಿಗೆ ಮೈಯೆಲ್ಲ ಉರಿಯುತ್ತಿತ್ತು.

ಶಂಭುಲಿಂಗ ಗುರುಗಳ ಶಿಷ್ಯ, ಮೂವತ್ತರ ಆಸುಪಾಸಿನವನು. ಅವನ ಕಾಲು ಕುದುರೆ ಕಾಲು. ಆ ಸರೋವರ ನೋಡಬೇಕೆಂದೇ ಕಣಿವೆಗೆ ಬಂದಿದ್ದ, ಬಂದು ನಾಲ್ಕು ವರ್ಷವಾಗಿತ್ತು. ಪ್ರತಿ ಸಲವೂ ಗುರುಗಳು ಅವನ ಕೈಗೆ ಕೊಡುತ್ತಿದ್ದುದು ಹುಲ್ಲುಗಾವಲಿನ ತಂಡವನ್ನೇ.

"ಈ ವರ್ಷವಾದರೂ ಕಳಿಸಿ ಗುರುಗಳೇ," ಎಂದು ಅವನು ಅಂಗಲಾಚಿದ. "ಕಣ್ಣು ಮುಚ್ಚಿದರೆ ಅದೇ ಕಾಣುತ್ತೆ."

"ಸರಿ. ನಾಳೆ ಹುಲ್ಲುಗಾವಲಿನವರನ್ನು ಸಂಜೆಯೊಳಗೆ ಕರೆದುಕೊಂಡು ಬಾ. ನಾಡಿದ್ದು ಬೆಳಗ್ಗೆ ಮೋತಿರಾಮನ ಜೊತೆ ಹೊರಡು."

ಮೋತಿರಾಮ ಅಲ್ಲಿಯ ಕುರುಬ, ಸರೋವರದ ತಂಡಕ್ಕೆ ದಾರಿ ತೋರಿಸುವವನು. ಅದು ಆ ವರ್ಷದ ಕೊನೆಯ ತಂಡ. ಶಂಭುಲಿಂಗ ಅವತ್ತೇ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟ.

ಮರುದಿನ ಅವನ ತಂಡದಲ್ಲಿ ಐದು ಜನ. ಎಲ್ಲರಿಗಿಂತ ಮುಂದೆ ಚೆನ್ನಾಜಮ್ಮ. ನಂಜನಗೂಡಿನ ಕಡೆಯವರು, ಅರವತ್ತೆಂಟು ವರ್ಷ, ಎರಡೂ ಮೊಣಕಾಲಿಗೆ ಪಟ್ಟಿ; ಅಂಗಳದ ಎರಡು ಸುತ್ತನ್ನು ಹಲ್ಲುಕಚ್ಚಿ ನಡೆದು ಈ ತಂಡ ಸೇರಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ನಿಂತಾಗೆಲ್ಲ ಒಂದು ಮಾತು.

"ನನಗೆ ಹನ್ನೆರಡು ವರ್ಷ ಕಣಪ್ಪ ಆವಾಗ. ನಮ್ಮನೆಗೆ ಒಬ್ಬರು ಜಂಗಮರು ಬಂದಿದ್ರು. ಈ ಕಣಿವೇಲಿ ಒಂದು ಸರೋವರ ಇದೆ, ಅದರೊಳಗೆ ಶಿಖರ ತಲೆಕೆಳಗಾಗಿ ಕಾಣುತ್ತೆ ಅಂದ್ರು. ಅವತ್ತಿಂದ ಹಿಡಿದಿದ್ದು ಈ ಹುಚ್ಚು."

"ಹೂಂ," ಎಂದ ಶಂಭುಲಿಂಗ, ಸೂರ್ಯನ ಕಡೆ ನೋಡುತ್ತ.

"ಮದುವೆ ಆಯ್ತು, ಮಕ್ಕಳಾದ್ವು, ಅತ್ತೆ ಹಾಸಿಗೆ ಹಿಡಿದ್ರು. ಯಾವತ್ತೂ ಬಿಡುವಾಗಲಿಲ್ಲ. ಐವತ್ತಾರು ವರ್ಷ ಆಯ್ತಲ್ಲೋ ಕಂದ!"

ಹುಲ್ಲುಗಾವಲು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಉಳಿದ ನಾಲ್ವರು ಕುರುಬರ ಗುಡಿಸಲಿನಲ್ಲಿ ಚಹಾಕ್ಕೆ ಕೂತರು. ಚೆನ್ನಾಜಮ್ಮ ಕೂರಲಿಲ್ಲ.

"ಎಲ್ಲಿ ಸರೋವರ?"

"ಇವತ್ತು ಇಲ್ಲಿಗೇ ಅಮ್ಮ. ವಾಪಸ್ ಹೋಗೋಣ."

"ನೋಡದೇ ವಾಪಸ್ಸಾ? ಏನು ಹೇಳ್ತೀಯೋ ನೀನು! ನಾನಂತೂ ಬರಲ್ಲ." ಹೀಗೆಂದವರೇ ಹುಲ್ಲಿನ ಮೇಲೆ ಕೂತೇಬಿಟ್ಟರು.

ಶಂಭುಲಿಂಗ ತಿಳಿಹೇಳಿದ, ಕೈ ಮುಗಿದ, ಕೊನೆಗೆ ಗದರಿಯೂ ನೋಡಿದ. ಆಕೆ ಜಪ್ಪಯ್ಯ ಅಂದರೂ ಏಳಲಿಲ್ಲ. ಬಿಸಿಲು ಇಳಿಯುತ್ತಿತ್ತು. ಬಾಗಿಲ ಹಿಂದಿನ ಚೀಲ ಅವನ ಕಣ್ಣ ಮುಂದೆ ಬಂತು.

ಹುಲ್ಲುಗಾವಲಿನ ತುದಿಯಲ್ಲಿ ಹಿಮ ಕರಗಿ ನಿಂತ ಒಂದು ಹೊಂಡವಿತ್ತು. ಕುರಿಗಳು ನೀರು ಕುಡಿಯುವ ಹೊಂಡ. ಅದರಲ್ಲೂ ಶಿಖರದ ಒಂದು ತುಂಡು ತಲೆಕೆಳಗಾಗಿ ಕಾಣುತ್ತಿತ್ತು.

ಅವನು ಆಕೆಯನ್ನು ಕೈಹಿಡಿದು ಎಬ್ಬಿಸಿ ಅಲ್ಲಿಗೆ ಕರೆದೊಯ್ದ.

"ಇದೇ ಅಮ್ಮ."

"ಇದೇನಾ?"

"ಇದೇ."

ಚೆನ್ನಾಜಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಅಡ್ಡಬಿದ್ದರು. ಮುಖ ತೊಳೆದುಕೊಂಡು ಒಂದು ಸಣ್ಣ ಬಾಟಲಿಗೆ ನೀರು ತುಂಬಿಕೊಂಡರು. ಅಳುತ್ತಿದ್ದರು. ಶಂಭುಲಿಂಗನಿಗೂ ಒಂಥರಾ ಆಯಿತು. ಆದರೂ ಹೊತ್ತು ಮೀರುವ ಮೊದಲು ಎಲ್ಲರೂ ಆಶ್ರಮ ಸೇರಿದರಲ್ಲ, ಅದೇ ಸಮಾಧಾನ.

ಗುರುಗಳು ಹೊಳೆ ಕಲ್ಲಿನ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದರು.

"ಎಲ್ಲರೂ ಬಂದರೇ?"

"ಬಂದರು. ಚೆನ್ನಾಜಮ್ಮನವರಂತೂ ಬಹಳ ಸಂತೋಷಪಟ್ಟರು."

"ಯಾವುದಕ್ಕೆ?"

ಸುಳ್ಳನ್ನು ಒಮ್ಮೆ ಹೇಳಬಹುದು, ಗುರುಗಳ ಎದುರು ನಿಂತು ಎರಡನೇ ಸಲ ಹೇಳುವುದು ಅಷ್ಟು ಸುಲಭವಲ್ಲ. ಶಂಭುಲಿಂಗ ನಡೆದದ್ದನ್ನೆಲ್ಲ ಹೇಳಿದ.

ಗುರುಗಳು ಹಿಂಡುವುದನ್ನು ನಿಲ್ಲಿಸಿದರು.

"ಅವರಿಗೆ ನೀನು ಕೊಟ್ಟದ್ದೇನು?"

"ನೆಮ್ಮದಿ ಕೊಟ್ಟೆ ಗುರುಗಳೇ. ಆ ಕಾಲಿಗೆ ಸರೋವರ ಎಲ್ಲಿ ಸಿಕ್ಕೀತು? ಆಸೆ ಹೊತ್ತು ಕೊರಗುವ ಬದಲು ನೆಮ್ಮದಿಯಾಗಿ ಊರಿಗೆ ಹೋಗಲಿ ಅಂತ."

"ಐವತ್ತಾರು ವರ್ಷ ಸಾಕಿಕೊಂಡು ಬಂದದ್ದನ್ನು ಕುರಿ ಹೊಂಡದಲ್ಲಿ ಮುಳುಗಿಸಿ ಬಂದೆಯಲ್ಲ ಮಹಾರಾಯ."

"ಆಸೆ ಬಿಡಬೇಕು ಅಂತ ನೀವೇ ಹೇಳಿದ್ದಿರಿ!"

"ಹೇಳಿದ್ದೆ. ನಿನ್ನದನ್ನು ಬಿಡು ಅಂತ ಹೇಳಿದ್ದೆ. ಅವರದನ್ನು ಬಿಡಿಸು ಅಂದಿದ್ದೆನೇ?"

ಶಂಭುಲಿಂಗ ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡ.

"ಈಗೇನು ಮಾಡಲಿ?"

"ನಾಳೆ ಬೆಳಗ್ಗೆ ಮೋತಿರಾಮ ಹೊರಡುತ್ತಾನೆ. ಮಧ್ಯಾಹ್ನ ಒಂದೂವರೆಗೆ ಆಕೆಯ ಬಸ್ಸು. ನಾನು ಮಾತು ಕೊಟ್ಟಿದ್ದೇನೆ, ನೀನು ಹೋಗುವುದಾದರೆ ತಡೆಯುವುದಿಲ್ಲ." ಗುರುಗಳು ಬಟ್ಟೆ ಎತ್ತಿಕೊಂಡು ಹೊರಟುಹೋದರು.

ಬೆಳಗಾಯಿತು. ಅಂಗಳದಲ್ಲಿ ಸರೋವರದ ತಂಡದ ಗಡಿಬಿಡಿ. ಶಂಭುಲಿಂಗ ಚೀಲ ಹೆಗಲಿಗೇರಿಸಿ ಬಂದ. ಯಾರ ಮುಖವನ್ನೂ ನೋಡಬಾರದು, ಸುಮ್ಮನೆ ಹೊರಟುಬಿಡಬೇಕು ಎಂದುಕೊಂಡಿದ್ದ. ನಿಜ ಹೇಳಬೇಕೆಂದರೆ ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಚೆನ್ನಾಜಮ್ಮ ಅಲ್ಲೇ ನಿಂತಿದ್ದರು, ಕೈಯಲ್ಲಿ ಬಾಟಲಿ. ಕಂಡಕಂಡವರಿಗೆಲ್ಲ ತೋರಿಸುತ್ತಿದ್ದರು. ಇವನನ್ನು ನೋಡಿದ್ದೇ ಮುಖ ಅರಳಿತು.

"ಬಾರೋ ಕಂದ! ಅಲ್ಲ, ಒಂದು ಮಾತು ಕೇಳ್ತೀನಿ. ಇವರೆಲ್ಲ ಯಾಕೆ ಹಾಸಿಗೆ ಕಟ್ಟಿಕೊಂಡು ಹೊರಟಿದಾರೆ? ಎರಡು ದಿನ ಅಂತಾರೆ! ನಾವು ನಿನ್ನೆ ಒಂದೇ ದಿನದಲ್ಲಿ ಹೋಗಿ ಬಂದ್ವಲ್ಲ. ಪಾಪ, ಇವರಿಗೆ ಯಾರಾದ್ರೂ ಹತ್ತಿರದ ದಾರಿ ಹೇಳಬಾರದಾ?"

ಮೋತಿರಾಮ ಆಗಲೇ ಗೇಟು ತೆಗೆದಿದ್ದ. ಒಬ್ಬೊಬ್ಬರೇ ಹೊರಗೆ ಹೋಗುತ್ತಿದ್ದರು.

ಅವನು ಚೀಲ ಕೆಳಗಿಟ್ಟ.

"ಅಮ್ಮ, ನಿನ್ನೆ ನೀವು ನೋಡಿದ್ದು ಸರೋವರ ಅಲ್ಲ."

"ಮತ್ತೆ?"

"ಕುರಿ ನೀರು ಕುಡಿಯೋ ಹೊಂಡ. ಬೇಗ ವಾಪಸ್ ಬರಬೇಕಿತ್ತು ಅಂತ ಸುಳ್ಳು ಹೇಳಿದೆ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಿಡಲಿಲ್ಲ.

"ಥೂ ನಿನ್ನ! ಕುರಿ ಹೊಂಡಕ್ಕೆ ಅಡ್ಡಬೀಳಿಸಿದ್ಯಲ್ಲೋ ನನ್ನ! ಊರಿಗೆಲ್ಲ ತೀರ್ಥ ಕೊಡೋಣ ಅಂತ ತುಂಬಿಕೊಂಡಿದ್ನಲ್ಲೋ! ನಿನ್ನ ನಾಲಿಗೆ ಸೇದಿಹೋಗ! ಹೆತ್ತ ತಾಯಿಗೂ ಹಿಂಗೇ ಮಾಡ್ತೀಯಾ?"

ಬಾಟಲಿಯ ನೀರನ್ನು ಅವನ ಕಾಲ ಬಳಿಯೇ ಸುರಿದರು. ಸುರಿದು, ಮೆಟ್ಟಿಲ ಮೇಲೆ ಕುಸಿದು ಕೂತರು. ಅವನು ಎದುರಿಗೆ ನಿಂತೇ ಇದ್ದ. ಗೇಟಿನಾಚೆ ತಂಡದ ಮಾತು ಕೇಳಿಸುತ್ತಿತ್ತು, ಆಮೇಲೆ ಅದೂ ಕೇಳಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಆಕೆ ಮೂಗು ಒರೆಸಿಕೊಂಡರು.

"ನಿಜವಾದದ್ದು ಎಷ್ಟು ದೂರ?"

"ಗಟ್ಟಿ ಕಾಲಿಗೆ ಎರಡು ದಿನ."

"ನನ್ನ ಕಾಲಿಗೆ?"

ಶಂಭುಲಿಂಗ ಈ ಸಲ ನಿಜ ಹೇಳಿದ.

"ಆಗಲ್ಲ ಅಮ್ಮ."

"ಬಸ್ಸು ಎಷ್ಟು ಹೊತ್ತಿಗೆ?"

"ಒಂದೂವರೆಗೆ."

ಚೆನ್ನಾಜಮ್ಮ ಮೊಣಕಾಲ ಪಟ್ಟಿ ಬಿಗಿಮಾಡಿಕೊಂಡು ಎದ್ದರು.

"ಅಷ್ಟರೊಳಗೆ ಎಷ್ಟು ದೂರ ಆಗುತ್ತೋ ಅಷ್ಟು ಕರಕೊಂಡು ಹೋಗು. ದಾರಿ ಮಾತ್ರ ಅದೇ ಆಗಿರಬೇಕು. ಇನ್ನೊಂದು ಸಲ ಏಮಾರಿಸಿದರೆ ನೋಡು!"

ಆಕೆ ಮುಂದೆ, ಅವನು ಹಿಂದೆ. ಹತ್ತು ಹೆಜ್ಜೆ, ನಿಲ್ಲುವುದು. ಮತ್ತೆ ಹತ್ತು ಹೆಜ್ಜೆ. ಆಕೆ ಈಗ ಮಾತಾಡುತ್ತಿರಲಿಲ್ಲ. ಅವನಿಗೆ ಸೂರ್ಯನನ್ನು ನೋಡುವ ನೆನಪೂ ಬರಲಿಲ್ಲ. ಆ ಮೊಣಕಾಲು ಎಲ್ಲಿ ಮಡಚುತ್ತದೆ, ಎಲ್ಲಿ ಮಡಚುವುದಿಲ್ಲ ಎಂದು ನೋಡುತ್ತ, ಸಡಿಲ ಕಲ್ಲು ಬಂದಾಗ ಬಗ್ಗಿ ಪಕ್ಕಕ್ಕಿಡುತ್ತ ನಡೆದ.

ಎರಡು ಗಂಟೆ ನಡೆದ ಮೇಲೆ ಒಂದು ತಿರುವು ಬಂತು. ಅಲ್ಲಿಂದ ಎರಡು ಶಿಖರಗಳೂ ನಡುವಿನ ಕಂಡಿಯೂ ಕಂಡವು. ಕಂಡಿಯ ಕೆಳಗಿನ ಏರಿನಲ್ಲಿ ಮೋತಿರಾಮನ ತಂಡ ಇರುವೆ ಸಾಲಿನಂತೆ ಕಾಣುತ್ತಿತ್ತು.

ಚೆನ್ನಾಜಮ್ಮ ಬಂಡೆಗೆ ಒರಗಿದರು. "ಇನ್ನು ಕಾಲು ಎತ್ತಕ್ಕಾಗಲ್ಲ ಕಂದ." ಉಸಿರು ಹತೋಟಿಗೆ ಬಂದ ಮೇಲೆ ಕೇಳಿದರು, "ಅದರಾಚೆನಾ?"

"ಅದರಾಚೆ."

"ಖಂಡಿತಾ?"

"ಖಂಡಿತ ಅಮ್ಮ."

ಆಕೆ ಕೈ ಮುಗಿಯಲಿಲ್ಲ, ಸುಮ್ಮನೆ ಆ ಕಡೆ ನೋಡುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

"ನಮ್ಮನೆ ಜಗಲಿ ಮೇಲೆ ಕೂತು ಎಷ್ಟು ಸಲ ನೆನೆಸಿಕೊಂಡಿದೀನೋ ಲೆಕ್ಕ ಇಲ್ಲ. ಯಾವ ದಿಕ್ಕಿಗೆ ಮುಖ ಮಾಡಬೇಕು ಅಂತಾನೇ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು ಬಿಡು. ಹೊಟ್ಟೆ ಉರಿಯುತ್ತೆ ಕಣೋ, ಇಷ್ಟು ಹತ್ತಿರ ಬಂದು..."

ಹಿಂದಿನಿಂದ ಬಿಕ್ಕಿದ ಸದ್ದು ಕೇಳಿ ತಿರುಗಿದರು. ಶಂಭುಲಿಂಗನೂ ಆ ಇರುವೆ ಸಾಲನ್ನೇ ನೋಡುತ್ತ ಅಳುತ್ತಿದ್ದ.

"ನಿನಗೇನಾಯ್ತೋ?"

"ನಾನೂ ಅವರ ಜೊತೆ ಹೋಗಬೇಕಿತ್ತು. ನಾಲ್ಕು ವರ್ಷದಿಂದ ಕಾಯ್ತಿದ್ದೆ."

"ಅಂದ್ರೆ ನೀನೂ ನೋಡಿಲ್ವಾ?"

"ಇಲ್ಲ."

"ಅಯ್ಯೋ ನಿನ್ನ! ನೋಡದೇನೇ 'ಇದೇ' ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲೋ!" ಚೆನ್ನಾಜಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಚೀಲದಿಂದ ಒಂದು ಚಕ್ಕುಲಿ ತೆಗೆದು ಅವನ ಕೈಗಿಟ್ಟರು. "ತಿನ್ನು. ಅಳಬೇಡ. ಬೇಕಾದ್ರೆ ಅಳು, ತಿಂದ್ಕೊಂಡು ಅಳು."

ಇಬ್ಬರೂ ಬಂಡೆಯ ಮೇಲೆ ಕೂತು, ಕಂಡಿಯ ಕಡೆ ಮುಖ ಮಾಡಿಕೊಂಡು ಚಕ್ಕುಲಿ ತಿಂದರು. ಹೊತ್ತಾಗುತ್ತಿದೆ ಎಂದು ಈ ಸಲ ಎಬ್ಬಿಸಿದ್ದು ಚೆನ್ನಾಜಮ್ಮನೇ. ಇಳಿಜಾರಿನಲ್ಲಿ ಮೊಣಕಾಲು ತಡೆಯದ ಕಡೆಯೆಲ್ಲ ಅವನು ಬೆನ್ನ ಮೇಲೆ ಹೊತ್ತುಕೊಂಡು ಬಂದ.

ಬಸ್ಸು ಹೊರಟಿತು. ಆಕೆ ಕಿಟಕಿಯಿಂದ ತಲೆ ಹೊರಹಾಕಿ ಇವನ ಕಡೆ ಕೈ ಬೀಸಿದರು. ಆಮೇಲೆ ತಿರುವು ಬರುವವರೆಗೂ ಕಂಡಿಯಿರುವ ದಿಕ್ಕಿಗೇ ನೋಡುತ್ತಿದ್ದರು.

ಶಂಭುಲಿಂಗ ಬಂದು ಗುರುಗಳ ಪಕ್ಕ ಹೊಳೆ ದಂಡೆಯಲ್ಲಿ ಕೂತ.

"ಎಲ್ಲಿಯವರೆಗೆ ಹೋದಿರಿ?" ಎಂದು ಗುರುಗಳು ಕೇಳಿದರು.

"ಕಂಡಿ ಕಾಣುವ ತಿರುವಿನವರೆಗೆ."

"ಹೂಂ. ಚೆನ್ನಾಗಿದೆ ಆ ಜಾಗ."

"ಗುರುಗಳೇ, ಇನ್ನು ಮುಂದಿನ ವರ್ಷದವರೆಗೆ ತಡೆಯಲು ಆಗುವುದಿಲ್ಲ. ಆ ನೀರು ಯಾವ ಬಣ್ಣ, ಅಷ್ಟಾದರೂ ಹೇಳಿ."

"ನೀಲಿ ಅನ್ನುತ್ತಾನೆ ಮೋತಿರಾಮ. ಕಪ್ಪು ಅಂದವರೂ ಇದ್ದಾರೆ."

"ಅವರಿವರದು ಬೇಡ. ನೀವು ನೋಡಿದಾಗ ಹೇಗಿತ್ತು?"

ಗುರುಗಳು ಕಂಡಿಯಿರುವ ದಿಕ್ಕಿಗೆ ನೋಡಿದರು. ಆ ಕಡೆ ಮೋಡ ಮುಸುಕುತ್ತಿತ್ತು.

"ಮೂವತ್ತೊಂದು ವರ್ಷದಿಂದ ಹೊರಡುತ್ತಲೇ ಇದ್ದೇನೆ ಕಣಯ್ಯಾ," ಎಂದರು. "ಪ್ರತಿ ವರ್ಷವೂ ಯಾರದಾದರೂ ಕಾಲು ನೋಯುತ್ತದೆ."